ಚನ್ನವೀರಪ್ಪ ಮಾಸ್ತರ ನೆಲದ ತಾಸು

ಚನ್ನವೀರಪ್ಪ ಮಾಸ್ತರು ಯಾರನ್ನೂ ‘ಆರಾಮ ಇದ್ದೀರಾ’ ಎಂದು ಕೇಳಿದ್ದನ್ನು ನಾನು ಕಂಡಿಲ್ಲ. ಕಂಪ್ಲಿಯ ಅವರ ಮನೆಯ ಕಟ್ಟೆ ಹತ್ತಿದವರಿಗೆಲ್ಲ ಅವರ ಮೊದಲ ಮಾತು ಒಂದೇ: “ಎಷ್ಟೊತ್ತು ಹಿಡೀತು?” ಹೊಸಪೇಟೆಯಿಂದ ಬಂದವನು ‘ಒಂದು ತಾಸು’ ಎಂದರೆ ಅಷ್ಟಕ್ಕೇ ಬಿಡುತ್ತಿರಲಿಲ್ಲ. ಬಸ್ಸಿನಲ್ಲಿ ಕೂತದ್ದು ಎಷ್ಟು, ಬಸ್ಸಿಗೆ ಕಾದದ್ದು ಎಷ್ಟು, ಕಮಲಾಪುರದಲ್ಲಿ ಡ್ರೈವರು ಚಹಾಕ್ಕೆ ಇಳಿದದ್ದು ಎಷ್ಟು, ಎಲ್ಲವನ್ನೂ ಬಿಡಿಸಿ ಹೇಳಬೇಕಿತ್ತು. ಕೇಳಿಸಿಕೊಂಡು, ಸಾರಿನ ಉಪ್ಪು ನೋಡುವವರಂತೆ ಒಂದು ಕ್ಷಣ ಸುಮ್ಮನಿದ್ದು, “ಆತು, ಕುಂದ್ರಿ” ಎನ್ನುತ್ತಿದ್ದರು.

ಅವರು ನಮಗೆ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವರು. ಅವರಿಗೆ ಮೀಸೆ ಇತ್ತೋ ಇಲ್ಲವೋ ಎಂದು ಈಗ ಯಾರಾದರೂ ಕೇಳಿದರೆ ನಾನು ಖಚಿತವಾಗಿ ಹೇಳಲಾರೆ. ಒಮ್ಮೊಮ್ಮೆ ಇತ್ತು ಅನ್ನಿಸುತ್ತದೆ, ಒಮ್ಮೊಮ್ಮೆ ಅದು ಬೇರೊಬ್ಬ ಮಾಸ್ತರ ಮೀಸೆ ಅನ್ನಿಸುತ್ತದೆ. ನನ್ನ ನೆನಪನ್ನು ನಾನೇ ನಂಬದಿರಲು ಕಾರಣವಿದೆ. ಅವರ ಬದುಕಿನಲ್ಲಿ ಒಂದು ದೊಡ್ಡ ತಪ್ಪು ನಡೆಯಿತು. ಅದು ಅವರ ತಪ್ಪು ಎಂದು ಹನ್ನೆರಡು ವರ್ಷ ನಾನು ಊರೆಲ್ಲ ಹೇಳಿಕೊಂಡು ಬಂದೆ. ಅದು ನನ್ನದೇ ಇರಬಹುದೇ ಎಂಬ ಅನುಮಾನ ಹುಟ್ಟಿದ್ದು ತೀರ ಈಚೆಗೆ.

ಮೊದಲು ಅವರ ನೂಲಿನ ವಿಷಯ ಹೇಳಬೇಕು. ಶಾಲೆಯವರು ಮೂಲೆಗೆಸೆದಿದ್ದ ಒಂದು ಗ್ಲೋಬು ಅವರ ಮನೆಯಲ್ಲಿತ್ತು, ಪಾಠವಿದ್ದಾಗ ಅದನ್ನು ತರಗತಿಗೂ ತರುತ್ತಿದ್ದರು. ಎಲ್ಲೋ ಬಿದ್ದು ಅದರ ದಕ್ಷಿಣ ಧ್ರುವ ಒಳಗೆ ಹೋಗಿತ್ತು. ಅಕ್ಕಿಗಿರಣಿಯಲ್ಲಿ ಚೀಲ ಹೊಲಿಯುವ ಬಿಳಿ ನೂಲನ್ನು ತಂದು, ಅದಕ್ಕೆ ಹೆಬ್ಬೆರಳಿನ ಅಗಲಕ್ಕೊಂದು ಗಂಟು ಹಾಕಿ ಇಟ್ಟಿದ್ದರು. ಆ ಗ್ಲೋಬಿನ ಮೇಲೆ ಹೆಬ್ಬೆರಳಿನ ಅಗಲವೆಂದರೆ ವಿಮಾನದ ಒಂದು ತಾಸು. ಯಾರಾದರೂ ಒಂದು ಊರಿನ ಹೆಸರು ಹೇಳಿದರೆ ನೂಲಿನ ಒಂದು ತುದಿಯನ್ನು ನಮ್ಮ ಸೀಮೆಯ ಮೇಲೆ ಒತ್ತಿ, ಇನ್ನೊಂದನ್ನು ಸಮುದ್ರದ ಮೇಲಿಂದ ಬಿಗಿಯಾಗಿ ಎಳೆದು ಗಂಟು ಎಣಿಸುತ್ತಿದ್ದರು. ಸ್ವತಃ ಅವರು ವಿಮಾನ ಹತ್ತಿದವರಲ್ಲ.

ಅದೆಲ್ಲ ಮೊದಮೊದಲು ಬರೀ ಪಾಠ. ಸಂಡೂರಿನ ಗಣಿಗಳು ನಿಂತ ಮೇಲೆ ಅದು ಪಾಠವಾಗಿ ಉಳಿಯಲಿಲ್ಲ. ಅದಿರು ತೋಡುವ ಯಂತ್ರ ನಡೆಸುತ್ತಿದ್ದವರು, ರಿಪೇರಿ ಮಾಡುತ್ತಿದ್ದವರು ಕೆಲಸ ಹುಡುಕಿಕೊಂಡು ಎಲ್ಲೆಲ್ಲಿಗೋ ಹೋದರು. ಅವರ ಮನೆಯ ಹೆಂಗಸರು ಮಾಸ್ತರ ಕಟ್ಟೆಗೆ ಬರತೊಡಗಿದರು. ಎಷ್ಟು ದೂರ ಎಂದು ಅವರು ಕೇಳುತ್ತಿರಲಿಲ್ಲ. ಯಾವಾಗ ಮುಟ್ಟುತ್ತಾನೆ ಎಂದು ಕೇಳುತ್ತಿದ್ದರು. ಮಾಸ್ತರು ಅಷ್ಟು ಗಂಟಿನ ನೂಲನ್ನು ಕತ್ತರಿಸಿ ಅವರ ಕೈಗೆ ಕೊಡುತ್ತಿದ್ದರು. “ಅಂವ ವಿಮಾನ ಏರಿದ ಮ್ಯಾಲೆ ತಾಸಿಗೊಂದು ಗಂಟು ಬಿಚ್ಚು. ಗಂಟು ಮುಗದ್ವು ಅಂದ್ರ ಅಂವ ಇಳದ ಅಂತ ತಿಳಕೋ.”

ಗಾದಿಗನೂರಿನ ಹುಲಿಗೆಮ್ಮನ ಗಂಡ ಮಸ್ಕತ್ತಿಗೆ ಹೋದಾಗ ಅವಳಿಗೆ ಮೂರು ಗಂಟಿನ ನೂಲು ಸಿಕ್ಕಿತು. ಮಾರನೆಯ ದಿನ ಬೆಳಿಗ್ಗೆ ಅವಳು ಮೊದಲ ಬಸ್ಸಿಗೆ ಕಂಪ್ಲಿಗೆ ಬಂದು, ನುಣ್ಣಗಾದ ನೂಲನ್ನು ಮಾಸ್ತರ ಮುಂದೆ ಹಿಡಿದಳು. ಅವತ್ತು ನಾನು ಅಲ್ಲೇ ಇದ್ದೆ.

“ಮೂರೂ ಬಿಚ್ಚೀನ್ರಿ ಸರ್. ಇನ್ನ ಬಿಚ್ಚಾಕ ಗಂಟಿಲ್ಲ. ಅಂವ ಎಲ್ಲಿ ಅದಾನ?”

ಮಾಸ್ತರು ಅವಳನ್ನು ಕೂರಿಸಿ, ಹೆಂಡತಿ ಗೌರಮ್ಮನವರಿಗೆ ಹೇಳಿ ಉಪ್ಪಿಟ್ಟು ಕೊಡಿಸಿದರು. ಮಧ್ಯಾಹ್ನ ಅವಳ ಗಂಡನ ಫೋನು ಬಂತು. ವಿಮಾನ ಮೂರೇ ತಾಸಿನಲ್ಲಿ ಇಳಿದಿತ್ತು. ಆದರೆ ಹತ್ತುವ ಮುಂಚೆ ನಾಲ್ಕು ತಾಸು ಕೂರಿಸಿದ್ದರು, ಇಳಿದ ಮೇಲೆ ಸಾಲಿನಲ್ಲಿ ಮೂರು ತಾಸು ನಿಲ್ಲಿಸಿದ್ದರು, ಆಮೇಲೆ ವ್ಯಾನಿನಲ್ಲಿ ಎಲ್ಲಿಗೋ ಒಯ್ದಿದ್ದರು. ಅವಳು ಹೋದ ಮೇಲೆ ಮಾಸ್ತರು ಬಹಳ ಹೊತ್ತು ಗ್ಲೋಬಿನ ಮುಂದೆ ಕೂತಿದ್ದು, ನನ್ನ ಕಡೆ ತಿರುಗಿದರು.

“ಲೇ ಮಂಜ, ಗಾಳಿ ಮೂರ ತಾಸು. ನೆಲ ಒಂದು ದಿನ. ನಾ ನೆಲಾನ ಹಿಡೀಲಿಲ್ಲ ನೋಡು.”

ಅಂದಿನಿಂದ ಅವರ ನೂಲಿಗೆ ಎರಡು ಬಣ್ಣ. ಬಿಳಿ ನೂಲು ಗಾಳಿಯದು. ಅದರ ತುದಿಗೆ ಅರಿಶಿನದಲ್ಲಿ ಅದ್ದಿದ ಇನ್ನೊಂದು ನೂಲನ್ನು ಕಟ್ಟುತ್ತಿದ್ದರು, ಅದು ನೆಲದ್ದು, ಅದಕ್ಕೂ ತಾಸಿಗೊಂದು ಗಂಟು. ಕಾಯುವುದು, ವಿಮಾನ ಬದಲಿಸುವುದು, ಸುತ್ತಿ ಹೋಗುವುದು, ಬಸ್ಸು, ರಸ್ತೆ, ಹೊಳೆ ಎಲ್ಲ ಅದರಲ್ಲಿ. ಯಾವುದು ಏನು ಎಂದು ಒಯ್ಯುವವರಿಗೆ ಬಾಯಿಮಾತಿನಲ್ಲಿ ತಿಳಿಸಿ, ಅವರಿಂದ ತಿರುಗಿ ಹೇಳಿಸಿಯೇ ಕಳಿಸುತ್ತಿದ್ದರು. ನೆಲದ ಲೆಕ್ಕ ಗ್ಲೋಬಿನಲ್ಲಿ ಸಿಗುವುದಿಲ್ಲವಲ್ಲ. ಅದಕ್ಕೆ ಭಾನುವಾರಗಳಂದು ಸೈಕಲ್ಲಿನಲ್ಲಿ ಹಂಪಿಗೆ ಹೋಗುತ್ತಿದ್ದರು. ಗುಡಿಯ ನೆರಳಿನಲ್ಲಿ ದಣಿವಾರಿಸಿಕೊಳ್ಳುತ್ತಿದ್ದ ಪರದೇಶದವರನ್ನು ತಡೆದು ತಮ್ಮ ಇಂಗ್ಲಿಷಿನಲ್ಲಿ ವಿಚಾರಿಸುತ್ತಿದ್ದರು. ಅವರು ‘ಒಂಬತ್ತು ಗಂಟೆ’ ಎಂದರೆ ಒಪ್ಪುತ್ತಿರಲಿಲ್ಲ. “ಡೋರ್ ಟು ಡೋರ್ ಹೇಳ್ರಿ” ಎನ್ನುತ್ತಿದ್ದರು. ಒಬ್ಬ ಗಡ್ಡದವನು ಬೆರಳು ಮಡಚಿ ಮಡಚಿ ಮೂವತ್ತೊಂದು ತಾಸಿಗೆ ಮುಟ್ಟಿ, ತನಗೇ ಗಾಬರಿಯಾದವನಂತೆ ಕಲ್ಲಿನ ಮೇಲೆ ಕೂತುಬಿಟ್ಟ. ಮಾಸ್ತರು ಅವನಿಗೆ ಬಾಳೆಹಣ್ಣು ಕೊಡಿಸಿದರು.

ಇನ್ನು ಆ ತಪ್ಪಿನ ಮಾತು. ಅದನ್ನು ಹನ್ನೆರಡು ವರ್ಷ ನಾನು ಹೇಗೆ ಹೇಳುತ್ತಿದ್ದೆನೋ ಹಾಗೆಯೇ ಮೊದಲು ಹೇಳುತ್ತೇನೆ.

ನಮ್ಮಣ್ಣನದು ಕಂಪ್ಲಿಯಲ್ಲಿ ಅಕ್ಕಿಗಿರಣಿ. ಅತ್ತಿಗೆ ಶಾರದಾ ಒಂದು ಮಳೆಗಾಲದ ಬೆಳಗಿನ ಜಾವ ಎದೆನೋವೆಂದು ಎದ್ದು ಕೂತವರು ಆಸ್ಪತ್ರೆ ಮುಟ್ಟಲಿಲ್ಲ. ನಾನಾಗ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದವನು ರಜೆಗೆ ಬಂದಿದ್ದೆ. ಅತ್ತಿಗೆಯ ಒಬ್ಬಳೇ ತಂಗಿ ಗಿರಿಜಾ ನನ್ನ ಹೈಸ್ಕೂಲಿನ ಸಹಪಾಠಿ. ಅವಳ ಗಂಡ ಸಂಡೂರಿನಲ್ಲಿ ಗಣಿಯ ಯಂತ್ರಗಳ ಮೆಕ್ಯಾನಿಕ್ ಆಗಿದ್ದವನು, ಇಲ್ಲಿ ಕೆಲಸ ಹೋದ ಮೇಲೆ ಆಸ್ಟ್ರೇಲಿಯಾದ ಪರ್ತ್ ಕಡೆಯ ಕಬ್ಬಿಣದ ಗಣಿಗೆ ಸೇರಿದ್ದ. ಅವಳೂ ಅಲ್ಲೇ ಇದ್ದಳು. ಸುದ್ದಿ ಕೇಳಿದ ಸ್ವಲ್ಪ ಹೊತ್ತಿಗೆ ಅವಳು ತಿರುಗಿ ಫೋನು ಮಾಡಿ ಎರಡೇ ಮಾತು ಹೇಳಿದಳು: “ಹೈದರಾಬಾದಿಗೆ ಟಿಕೇಟ್ ಸಿಕ್ಕೇತಿ, ನಿಮ್ಮ ಮಧ್ಯಾಹ್ನ ಹನ್ನೆರಡೂವರಿಗೆ ವಿಮಾನ. ಅಕ್ಕನ ಮುಖ ನೋಡೂತನಕ ತಡೀರಿ.” ಆಮೇಲೆ ಅವಳ ಫೋನು ಹತ್ತಲಿಲ್ಲ.

ಅಣ್ಣ ನನ್ನನ್ನು ಕರೆದು, “ಮಾಸ್ತರನ್ನ ಕೇಳ್ಕೊಂಡು ಬಾ, ಎಷ್ಟೊತ್ತಿಗೆ ಮುಟ್ತಾಳ” ಎಂದ. ನಾನು ಬೈಕಿನಲ್ಲಿ ಹೋದೆ. ಮಾಸ್ತರು ನೂಲು ಹಿಡಿದು ಎಂಟೂವರೆ ಎಂದರು. ಅದಕ್ಕೆ ಹೈದರಾಬಾದಿನಿಂದ ರಾಯಚೂರು, ಸಿಂಧನೂರು, ಗಂಗಾವತಿ ಮೇಲೆ ಬರುವ ಎಂಟು ತಾಸಿನ ರಸ್ತೆ ಕೂಡಿಸಿದರೆ ಮರುದಿನ ಬೆಳಗಿನ ಐದು. ನಾನು ನೂಲಿನ ಜೊತೆ ಅದನ್ನೇ ತಂದು ಗಿರಣಿಯ ಅಂಗಳದಲ್ಲಿ ಹೇಳಿದೆ. ಬೆಳಿಗ್ಗೆಯೇ ಬರುತ್ತಾಳಲ್ಲ ಎಂದು ಹೊಸಪೇಟೆಯಿಂದ ಐಸ್ ಪೆಟ್ಟಿಗೆ ತರಿಸುವ ಮಾತನ್ನು ಹಿರಿಯರು ಕೈಬಿಟ್ಟರು. ಹತ್ತು ಗಂಟೆಗೆ ಮಣ್ಣು ಎಂದು ಸುತ್ತಲ ಊರಿಗೆ ಹೇಳಿ ಕಳಿಸಿದರು.

ಬೆಳಗಿನ ಆರಕ್ಕೆ ಗಿರಿಜಾ ಯಾರದೋ ಫೋನಿನಿಂದ ಮಾತಾಡಿದಳು. ಕೌಲಾಲಂಪುರದಲ್ಲಿ ಆರು ತಾಸು ಕೂರಿಸಿದ್ದರಂತೆ, ಆಗಷ್ಟೇ ಹೈದರಾಬಾದ್ ಬಿಟ್ಟಿದ್ದಳು. ಅದರ ಹಿಂದೆಯೇ ಇನ್ನೊಂದು ಸುದ್ದಿ ಬಂತು. ಡ್ಯಾಮಿನಿಂದ ಹೊಳೆಗೆ ನೀರು ಬಿಟ್ಟಿದ್ದಾರೆ, ಕಂಪ್ಲಿಯ ಸೇತುವೆ ಮುಳುಗಿದೆ. ಬುಕ್ಕಸಾಗರದ ಸೇತುವೆ ಆಗ ಇನ್ನೂ ಆಗಿರಲಿಲ್ಲ. ಗಂಗಾವತಿಗೆ ಬಂದವರು ಹೊಸಪೇಟೆ ಸುತ್ತಿಯೇ ಬರಬೇಕು. ಅಣ್ಣ ಹನ್ನೊಂದೂವರೆಯ ತನಕ ತಡೆದ. ಮಳೆ ನಿಂತ ಮೇಲಿನ ಸೆಕೆ. ಮಣ್ಣಿನ ಶಾಸ್ತ್ರಕ್ಕೆ ಬಂದಿದ್ದ ಅಯ್ನೋರು ಒಮ್ಮೆ ಒಳಗೆ ಹೋಗಿ ನೋಡಿ ಬಂದು, “ಇನ್ನ ಇಡಬ್ಯಾಡ್ರಿ, ಆಗಂಗಿಲ್ಲ” ಎಂದರು. ಮಣ್ಣು ಮಾಡಿದೆವು.

ಗಿರಿಜಾ ಬಂದದ್ದು ಸಂಜೆ ಐದೂ ಕಾಲಿಗೆ. ಅಂಗಳದಲ್ಲಿ ನೀರು ಚೆಲ್ಲಿ ತೊಳೆದದ್ದನ್ನು ನೋಡಿಯೇ ಅವಳಿಗೆ ತಿಳಿಯಿತು. ಅವಳು ಅಳಲಿಲ್ಲ. “ಬೆಳಿಗ್ಗಿಗೆ ಬರ್ತಾಳಂತ ಹೇಳಿದವ್ರು ಯಾರು?” ಎಂದು ಕೇಳಿದಳು. ಅಂಗಳದಲ್ಲಿ ಮೂವತ್ತು ಜನ ಇದ್ದೆವು, ಯಾರೂ ಮಾತಾಡಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತಿದ್ದ ಮಾಸ್ತರು ಎದ್ದು ನಿಂತು, “ಲೆಕ್ಕ ಹಾಕಿದಾಂವ ನಾನವ್ವಾ” ಎಂದರು.

ಅವಳು ಅವರನ್ನು ನೋಡಿದಳು. ನಮ್ಮ ತರಗತಿಯಲ್ಲಿ ಆ ಗ್ಲೋಬನ್ನು ಮುಟ್ಟಲು ಮಾಸ್ತರು ಬಿಡುತ್ತಿದ್ದದ್ದು ಅವಳೊಬ್ಬಳಿಗೇ. “ನಿಮ್ಮನ್ನ ನಂಬಿ ಕೆಟ್ಟೆ ಸರ್” ಎಂದು ಒಳಗೆ ಹೋದಳು. ಅದಾದ ಮೇಲೆ ಎರಡು ವರ್ಷಕ್ಕೋ ಮೂರು ವರ್ಷಕ್ಕೋ ಊರಿಗೆ ಬರುತ್ತಾಳೆ. ಮಾಸ್ತರ ಮನೆಯ ಓಣಿಯಲ್ಲಿ ಕಾಲಿಟ್ಟಿಲ್ಲ. ಮಾಸ್ತರ ಕಟ್ಟೆಗೂ ಜನ ಬರುವುದು ನಿಂತಿತು. ಅವರು ಗ್ಲೋಬಿನ ಮೇಲೆ ಟವೆಲ್ ಹೊದಿಸಿಟ್ಟರು.

ಇದು ನನ್ನ ಕಥೆ. ನಾನು ಹೊಸಪೇಟೆಯ ಕಾಲೇಜಿನಲ್ಲಿ ಸಮಾಜಶಾಸ್ತ್ರ ಹೇಳಲು ಸೇರಿದ ಮೇಲೆ ಪ್ರತಿ ವರ್ಷ ತರಗತಿಯಲ್ಲಿ ಇದನ್ನು ಹೇಳಿದೆ. ಊರು ಒಬ್ಬ ಮನುಷ್ಯನನ್ನು ಕಣ್ಣು ಮುಚ್ಚಿ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆಯಾಗಿ. ಹುಲಿಗೆಮ್ಮನ ಮೂರು ಗಂಟಿನಿಂದ ಶುರುಮಾಡುತ್ತಿದ್ದೆ. ಹುಡುಗರು ನಗುತ್ತಿದ್ದರು.

ಹೋದ ವರ್ಷ ಪಾಪಿನಾಯಕನಹಳ್ಳಿಯಿಂದ ಬರುವ ಒಬ್ಬ ವಿದ್ಯಾರ್ಥಿನಿ ನಗಲಿಲ್ಲ. ಪಾಠ ಮುಗಿದ ಮೇಲೆ ಎದ್ದು ನಿಂತಳು.

“ಸರ್, ಹುಲಿಗೆಮ್ಮ ಬಂದು ಹೋದ ಮ್ಯಾಲೆ ಅವರು ನೆಲದ ನೂಲು ಕಟ್ಟಾಕ ಚಾಲೂ ಮಾಡಿದ್ರು ಅಂದ್ರಿ. ಮತ್ತ ಅವತ್ತು ಯಾಕ ಕಟ್ಟಲಿಲ್ಲ?”

“ಮರೆತಿರಬೇಕು” ಎಂದೆ.

“ಒಂದ ಸಲ ಪೆಟ್ಟು ತಿಂದವ್ರು ಅದನ್ನ ಹೆಂಗ ಮರೀತಾರ್ರಿ?”

ಅಂದು ಮನೆಗೆ ಹೋಗಿ ಫೋನಿನಲ್ಲಿ ಪರ್ತ್, ಹೈದರಾಬಾದ್ ಎಂದು ಎರಡು ಊರಿನ ಹೆಸರು ಹಾಕಿದೆ. ಒಂದು ಪುಟ ತೆರೆಯಿತು. ದೂರ ಆರು ಸಾವಿರದ ಎಂಟುನೂರು ಕಿಲೋಮೀಟರಿನ ಆಸುಪಾಸು, ಹಾರಾಟದ ಸಮಯ ಎಂಟೂವರೆ ಗಂಟೆ. ಎರಡೂ ಊರಿನ ನಡುವೆ ಒಂದು ಗೆರೆ, ಸಮುದ್ರದ ಮೇಲೆ ಎಲ್ಲೂ ನಿಲ್ಲದ ಗೆರೆ. ಅಡಿಯಲ್ಲಿ ಸಣ್ಣಕ್ಷರದಲ್ಲಿ, ಇದು ನೇರ ದಾರಿಯ ಲೆಕ್ಕ, ಇಳಿದು ಕಾಯುವ ಸಮಯ ಸೇರಿಲ್ಲ ಎಂದಿತ್ತು. ಆ ಗೆರೆಯನ್ನು ನಾನು ಮುಂಚೆ ನೋಡಿದ್ದೆ.

ಎಲ್ಲಿ ನೋಡಿದ್ದೆ ಎಂದು ಯೋಚಿಸುತ್ತ ಕೂತೆ. ಮಾಸ್ತರ ಮನೆಯಿಂದ ಗಿರಣಿಗೆ ಬರುವ ದಾರಿಯ ಬೇವಿನ ಮರ, ಅದರ ಕೆಳಗೆ ನಿಲ್ಲಿಸಿದ ಬೈಕು, ಸೀಟಿನ ಮೇಲೆ ಕೂತು ಕೈಯಲ್ಲಿ ಹಿಡಿದ ಹೊಸ ಫೋನು. ಕಿವಿಯಲ್ಲಿ ಮಾಸ್ತರ ಮಾತು: “ನಾಳೆ ಸಂಜಿ ಐದು ಅನ್ನು. ಡ್ಯಾಂ ತುಂಬೇತಿ, ಸೇತುವಿ ನಂಬಬ್ಯಾಡ್ರಿ.” ಆ ಮಾತು ಅವರು ನಿಜವಾಗಿ ಆಡಿದ್ದೋ, ಆಮೇಲೆ ನಡೆದದ್ದನ್ನು ತಿಳಿದ ನನ್ನ ಮನಸ್ಸು ಈಗ ಕಟ್ಟಿಕೊಂಡದ್ದೋ? ಎಂಟೂವರೆ ತಾಸಿನ ದಾರಿಗೆ ಮುದುಕ ಒಂದು ದಿನ ಹೇಳುತ್ತಾನಲ್ಲ ಎಂದು ನಾನು ಒಳಗೊಳಗೇ ನಕ್ಕದ್ದೂ ನೆನಪಾಯಿತು. ಅದೂ ಕಟ್ಟಿಕೊಂಡದ್ದೇ ಇರಬಹುದು. ಅಪರಾಧ ಹುಡುಕುವವನಿಗೆ ನೆನಪು ಬೇಕಾದ ಸಾಕ್ಷಿಯನ್ನೆಲ್ಲ ತಂದುಕೊಡುತ್ತದೆ. ನಾನು ಒಯ್ದ ನೂಲಿಗೆ ಹಳದಿಯ ತುಂಡು ಇತ್ತೇ ಎಂದು ಎಷ್ಟು ಕಣ್ಣು ಮುಚ್ಚಿದರೂ ನನಗೆ ಕಂಡದ್ದು ಬರೀ ಬಿಳಿ.

ಅಣ್ಣನನ್ನು ಕೇಳಿದೆ. “ನೀ ಬಂದು ಬೆಳಿಗ್ಗೆ ಐದು ಅಂದಿ, ಕೈಯಾಗ ಒಂದು ನೂಲು ಕೊಟ್ಟಿ. ಒಳಗ ಯಾರೋ ಗ್ವಾಡಿ ಮೊಳಿಗೆ ಹಾಕಿದ್ರು. ಆ ಹೊತ್ತಿನಾಗ ನೂಲು ಯಾರು ನೋಡ್ತಾರಲೇ?” ಎಂದ.

ಕೊನೆಗೆ ಮಾಸ್ತರನ್ನೇ ಕೇಳುವುದೆಂದು ಕಂಪ್ಲಿಗೆ ಹೋದೆ. ಅವರು ಒಳಮನೆಯಲ್ಲಿ ಮಂಚದ ಮೇಲಿದ್ದರು. ಕಣ್ಣು ಮಂಜಾಗಿತ್ತು, ದನಿಯಿಂದ ನನ್ನನ್ನು ಗುರುತಿಸಿದರು. ಗೌರಮ್ಮನವರು ಅವರ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದರು.

“ಎಷ್ಟೊತ್ತು ಹಿಡೀತು?” ಎಂದರು.

ಆ ಪ್ರಶ್ನೆಯನ್ನು ಕೇಳಿ ಎಷ್ಟೋ ವರ್ಷವಾಗಿತ್ತು. “ಒಂದು ತಾಸು ಸರ್. ಬಸ್ಸಿಗೆ ಹತ್ತು ನಿಮಿಷ ಕಾದೆ.”

“ಹೂಂ. ಕುಂದ್ರು.”

ಬಹಳ ಹೊತ್ತು ಊರಿನ ಮಾತು, ಹೊಳೆಯ ಮಾತು ಆಡಿದೆವು. ಆಮೇಲೆ ಕೇಳಿದೆ: “ಸರ್, ಶಾರದಾ ಅತ್ತಿಗೆ ತೀರಿಕೊಂಡ ದಿನ ಗಿರಿಜಾ ಬೆಳಿಗ್ಗೆ ಬರ್ತಾಳ ಅಂತ ನೀವು ಹೇಳಿದ್ರೋ, ನಾನ ಹಂಗ ಹೇಳಿದ್ನೋ?”

ಅವರು ಮುಖ ನನ್ನ ಕಡೆ ತಿರುಗಿಸಿದರು. “ಈ ಮಾತಿಗೆ ಎಷ್ಟೊತ್ತು ಹಿಡೀತು?”

ನಾನು ತಲೆ ತಗ್ಗಿಸಿದೆ. ಅವರಿಗೆ ಅದು ಕಾಣಿಸಿರಲಾರದು.

“ನನಗ ನೆನಪಿಲ್ಲಪ” ಎಂದರು. “ವಯಸ್ಸಾತು.”

“ನೆನಪಿಲ್ಲ ಅಂದ್ರ ಅವತ್ತು ಯಾಕ ಎದ್ದು ನಿಂತ್ರಿ?”

“ನೀನು ನನ್ನ ಹುಡುಗ. ಆಕಿನೂ ನನ್ನ ಹುಡುಗಿ. ಅಲ್ಲಿ ಮೂವತ್ತು ಮಂದಿ ನಿಂತಿದ್ರು.” ಅಷ್ಟು ಹೇಳಿ ದಣಿದು, ಕೈಯಿಂದ ಹಾಸಿಗೆಯ ಅಂಚನ್ನು ಹಿಡಿದುಕೊಂಡರು. “ಗಿರಿಜಾ ಊರಿಗೆ ಬಂದ್ರ ಒಮ್ಮಿ ಈ ಕಡಿ ಹಾದು ಹೋಗು ಅನ್ನು. ಮತ್ತೇನೂ ಅನ್ನಬ್ಯಾಡ.”

ಹೊರಡುವಾಗ ಗೌರಮ್ಮನವರು ಬಾಗಿಲ ತನಕ ಬಂದರು. “ನೆನಪಿಲ್ಲಂತ” ಎಂದರು, ನನ್ನನ್ನು ನೋಡದೆ. “ನಿನ್ನೆ ತಿಂದದ್ದಲ್ಲ, ನಮ್ಮ ಮದುವಿ ದಿನದ ಬಸ್ಸಿನ ಟೈಮ್ ಕೇಳು, ಹೇಳ್ತಾರ.”

ಗಿರಿಜಾಳಿಗೆ ಅಂದೇ ಫೋನು ಮಾಡಬೇಕಿತ್ತು. ಏನೆಂದು ಹೇಳಲಿ? ‘ಬಹುಶಃ ತಪ್ಪು ನನ್ನದು’ ಎಂದೇ? ಖಚಿತವಿಲ್ಲದ ಮಾತು ಆಡಬಾರದೆಂದು ನನಗೆ ಕಲಿಸಲಾಗಿತ್ತು. ಆ ಕಲಿಕೆಯ ಮರೆಯಲ್ಲಿ ಹನ್ನೊಂದು ದಿನ ಕಳೆದೆ. ಹನ್ನೆರಡನೆಯ ಬೆಳಿಗ್ಗೆ ಅಣ್ಣ ಫೋನು ಮಾಡಿದ. ಮಾಸ್ತರು ನಸುಕಿನಲ್ಲಿ ಹೋಗಿದ್ದರು. ನಾಲ್ಕು ಗಂಟೆಗೆ ಮಣ್ಣು.

ಹೊಸಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಕಂಪ್ಲಿಯ ಬಸ್ಸಿಗೆ ಕಾಯುತ್ತ ಗಿರಿಜಾಳಿಗೆ ಫೋನು ಹಚ್ಚಿದೆ. ಸುದ್ದಿ ಹೇಳಿದೆ. ಆಮೇಲೆ ಉಳಿದದ್ದನ್ನೂ ಹೇಳಿದೆ. ಬೇವಿನ ಮರ, ಫೋನು, ಆ ಪುಟದ ಗೆರೆ. “ನನಗೆ ಖಾತ್ರಿ ಇಲ್ಲ ಗಿರಿಜಾ. ಆದ್ರ ಬೆಳಿಗ್ಗೆ ಅಂದಾಂವ ನಾನ ಇರಬೇಕು. ಅವರು ಸಂಜಿ ಅಂದಿರಬೇಕು.”

“ಇರಬೇಕು ಅಂದ್ರ?”

“ನನ್ನ ನೆನಪು ನಂಬಂಗಿಲ್ಲ.”

ಆ ಕಡೆ ಕುರ್ಚಿ ಸರಿದ ಸದ್ದು. ಕಪಾಟು ತೆರೆದ ಸದ್ದು. “ತಡಿ ಮಂಜ. ಆ ನೂಲು ನನ್ನ ಹತ್ರ ಐತಿ.”

ನನ್ನ ಬಸ್ಸು ಬಂದು ನಿಂತಿತು. ನಾನು ಹತ್ತಲಿಲ್ಲ.

“ಅಕ್ಕನ ಕೋಣ್ಯಾಗ ಮೊಳಿಗೆ ಇತ್ತು. ಸಿಟ್ಟಿಲೆ ತಗೊಂಡು ಬಂದಿದ್ದೆ, ಮರೀಬಾರದು ಅಂತ. ಬಿಳಿ ನೂಲಿಗೆ ಎಂಟು ಗಂಟು, ಮ್ಯಾಲೆ ಒಂದೀಟು ತುಂಡು. ಅದಕ್ಕ ಇನ್ನೊಂದು ನೂಲು ಕಟ್ಟ್ಯಾರ.” ಅವಳು ಎಣಿಸತೊಡಗಿದಳು. ಮೆಲ್ಲಗೆ, ತರಗತಿಯಲ್ಲಿ ಗ್ಲೋಬಿನ ಮುಂದೆ ನಿಂತು ಎಣಿಸುತ್ತಿದ್ದ ಹಾಗೆಯೇ. ಕಂಡಕ್ಟರು ಕಂಪ್ಲಿ, ಕಂಪ್ಲಿ ಎಂದು ಕೂಗುತ್ತಿದ್ದ. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಹನ್ನೆರಡೂವರೆಗೆ ಎಂಟೂವರೆ, ಅದರ ಮೇಲೆ ಇಪ್ಪತ್ತು. ಮರುದಿನ ಸಂಜೆ ಐದು.

“ಇದು ಬಣ್ಣ ಹೋಗೇತಿ, ಆದ್ರ ಹಳದಿ ಇತ್ತು” ಎಂದಳು. “ಹಳದಿ ಯಾಕಂತ ನನಗ ಯಾರೂ ಹೇಳಲಿಲ್ಲ, ಮಂಜ. ಇದೇನು?”

ಗಿರಣಿಯ ಅಂಗಳದಲ್ಲಿ ಹೇಳಿ ಬಾ ಎಂದು ಮಾಸ್ತರು ನನ್ನ ಕೈಗೆ ಕೊಟ್ಟು ಕಳಿಸಿದ್ದ ಮಾತನ್ನು, ಹಳದಿ ನೆಲದ ತಾಸು ಎಂಬುದನ್ನು, ಬಸ್ ಸ್ಟ್ಯಾಂಡಿನಲ್ಲಿ ನಿಂತು, ಅವಳಿಗೆ ಆಗ ಹೇಳಿದೆ.